ಖಾಲಿ ಇದ್ದಾಗ ತೆರೆಯುತ್ತಿದ್ದ ಬಾಗಿಲು

ಎರಕದ ಕಾರ್ಖಾನೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಆಗೀಗ ನನ್ನನ್ನು ನೋಡಲು ಬರುತ್ತಾರೆ. ಯಾವ ಕಬ್ಬಿಣ ಎಲ್ಲಿ ಬಿರುಕು ಬಿಡುತ್ತದೆ, ಬಿಡುವ ಮೊದಲೇ ಕಂಡುಹಿಡಿಯುವುದು ಹೇಗೆ ಎಂದು ಕೇಳುತ್ತಾರೆ. ನಾನು ಒಂದು ಹಳೆಯ ಕಾರಿನ ವಿಷಯ ಹೇಳತೊಡಗುತ್ತೇನೆ. ಮುದುಕ ದಾರಿ ತಪ್ಪಿದ ಎಂದು ಅವರಿಗೆ ಅನ್ನಿಸುವುದು ಮುಖದಲ್ಲೇ ಕಾಣುತ್ತದೆ. ಆದರೆ ನನ್ನ ವೃತ್ತಿಯಲ್ಲಿ ಕಲಿಯಬೇಕಾದ ಮುಖ್ಯ ಸಂಗತಿಯನ್ನು ನಾನು ಕಲಿತದ್ದು ಕಾರ್ಖಾನೆಯಲ್ಲಲ್ಲ, ಭಾನುವಾರಗಳಂದು ಖಾಸಬಾಗದ ಒಂದು ಅಂಗಳದಲ್ಲಿ.

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎಪ್ಪತ್ತರ ದಶಕದ ಮೊದಲಲ್ಲಿ ಸೇರಿದೆ, ತಲೆ ಬೆಳ್ಳಗಾದ ಮೇಲೆ ಹೊರಬಂದೆ. ನನ್ನ ಕೋಣೆಗೆ ಬರುತ್ತಿದ್ದವು ಮುರಿದ ವಸ್ತುಗಳು ಮಾತ್ರ. ಅವು ಯಾಕೆ ಮುರಿದವು ಎಂದು ಹೇಳುವುದು ನನ್ನ ಕೆಲಸ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲವಾದ್ದರಿಂದ ಅದನ್ನು ಬಿಡುತ್ತೇನೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಕಾಲೇಜಿನ ದಿನಗಳಿಂದಲೂ ನಾನು ದಿನಚರಿ ಬರೆಯುವವನು. ಆದರೂ ನನ್ನ ನೆನಪನ್ನು ಪೂರ್ತಿ ನಂಬುವುದಿಲ್ಲ. ದಿನಚರಿಯನ್ನೂ ಅಷ್ಟೇ. ಸಂಜೆ ಪೆನ್ನು ಹಿಡಿಯುವ ಹೊತ್ತಿಗೆ ಮನಸ್ಸು ಹಗಲಿನ ಸಂಗತಿಗಳನ್ನು ಒರೆಸಿ, ತನಗೆ ಅನುಕೂಲವಾಗುವಂತೆ ಜೋಡಿಸಿ ಇಟ್ಟಿರುತ್ತದೆ. ಆ ಕಾರಿನ ದೆಸೆಯಿಂದ ಖಾನಾಪುರದಲ್ಲಿ ಒಂದು ದಿನ ನಡೆದದ್ದನ್ನು ಬರೆಯಲು ಆ ದಿನದ ಪುಟ ತೆಗೆದರೆ ಅಲ್ಲಿ ಇರುವುದು ಬಿಸಿಲಿನ ಮಾತು, ಊಟದ ಮಾತು. ಮುಖ್ಯವಾದದ್ದು ಒಂದಕ್ಷರವೂ ಇಲ್ಲ. ಬರೆಯಲು ಪುರುಸೊತ್ತಾಗಲಿಲ್ಲವೋ, ಮನಸ್ಸಾಗಲಿಲ್ಲವೋ, ಈಗ ಹೇಳಲಾರೆ.

ನನ್ನ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ಕಾರ್ಖಾನೆಯ ಮ್ಯಾನೇಜರು. ಎರಕವನ್ನು ಪರೀಕ್ಷಿಸುವ ಅವರ ವಿಧಾನ ಕಿವಿಯದು. ತುಂಡನ್ನು ಹಗ್ಗಕ್ಕೆ ತೂಗುಬಿಟ್ಟು ಸಣ್ಣ ಸುತ್ತಿಗೆಯಿಂದ ಬಡಿಯುವುದು. ಗಂಟೆಯ ಹಾಗೆ ನಾದ ಬಂದರೆ ಒಳ್ಳೆಯ ಮಾಲು, ಬದ್ದೆಂದರೆ ಬಿರುಕು. ಸಾಹೇಬರಿಗೆ ಸಂಗೀತದ ಹುಚ್ಚಿತ್ತು, ಅವರು ತಲೆದೂಗಿದರೆ ಮಾಲು ಪಾಸಾದ ಹಾಗೆ. ಹಾಗೆ ತಲೆದೂಗಿಸಿಕೊಂಡು ಹೋದ ಪಂಪಿನ ಒಂದು ಭಾಗ ಕೆಲವೇ ದಿನಗಳಲ್ಲಿ ಎರಡು ಹೋಳಾಗಿ ನನ್ನ ಮೇಜಿಗೆ ವಾಪಸು ಬಂತು. ಅದೇ ಅಚ್ಚಿನ ಇನ್ನೊಂದನ್ನು ನಾನು ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಮೇಲೆ ಸುಣ್ಣದ ಪುಡಿ ಹಚ್ಚಿ ಇಟ್ಟೆ.

"ಪಾಟೀಲ, ಇದೇನು, ಎರಕಕ್ಕ ವಿಭೂತಿ ಹಚ್ಚೀರಿ?" ಎಂದರು ಸಾಹೇಬರು.

ಸ್ವಲ್ಪ ಹೊತ್ತಿನಲ್ಲಿ ಬಿಳಿಯ ಮೇಲೆ ಕೂದಲೆಳೆಯಂಥ ಒಂದು ಕಪ್ಪು ಗೆರೆ ಒಳಗಿನಿಂದ ಮೇಲೆದ್ದು ಬಂತು. ಬಿರುಕಿನೊಳಗೆ ಹೊಕ್ಕಿದ್ದ ಸೀಮೆಎಣ್ಣೆ ಹೊರಗೆ ಜಿನುಗಿತ್ತು. ಸಾಹೇಬರು ಅದರ ಮೇಲೆ ಬೆರಳಾಡಿಸಿ ನೋಡಿಕೊಂಡರು. ಆಮೇಲೆ ಸುತ್ತಿಗೆಯನ್ನು ಎತ್ತಿ ಇನ್ನೊಮ್ಮೆ ಬಡಿದರು. ನಾದ ಗಂಟೆಯ ಹಾಗೇ ಇತ್ತು. ಅವರ ಮುಖ ಬಿಳುಚಿಕೊಂಡದ್ದನ್ನು ನಾನು ಮೊದಲ ಬಾರಿ ನೋಡಿದೆ.

ಇಷ್ಟಾದ ಮೇಲೆ ನಾನು ಬಹಳ ತಿಳಿದವನೆಂದು ನನಗೇ ಅನ್ನಿಸಿತ್ತು. ಆ ಹೊತ್ತಿನಲ್ಲೇ ಕಾರು ಬಂದದ್ದು.

ದಸ್ತಗೀರ್ ಖಾಸಬಾಗದಲ್ಲಿ ಜೀಪು, ಟೆಂಪೋಗಳ ಸೀಟು ಮತ್ತು ಕ್ಯಾನ್ವಾಸ್ ಹುಡ್ಡು ಹೊಲಿಯುತ್ತಿದ್ದವರು. ನನ್ನ ಸ್ಕೂಟರಿನ ಸೀಟು ಹೊಲಿಸಲು ಹೋದಾಗ ಪರಿಚಯವಾಗಿ, ಮಾತು ಬೆಳೆದು ಗೆಳೆಯರಾದೆವು. ಗೋವೆಯಿಂದ ಯಾರೋ ತಂದು ಬಿಟ್ಟುಹೋದ ವಿಲಾಯತಿ ಕಾರೊಂದು ಅವರ ಅಂಗಳಕ್ಕೆ ಬಂದು ಬಿದ್ದಿತ್ತು. ನಾಲ್ಕು ಬಾಗಿಲಿನದು, ಪಾಚಿ ಬಣ್ಣದ್ದು. ತುಕ್ಕು ಹಿಡಿಯದಿರಲೆಂದು ಹಳೆಯ ಮಾಲೀಕರು ಕೆಳಗೆಲ್ಲ ದಪ್ಪನಾಗಿ ಡಾಂಬರು ಬಳಿದಿದ್ದರು.

"ಸಮುದ್ರದ ಉಪ್ಪುಗಾಳಿ ತಿಂದ ಕೆಮ್ಮಾಕತ್ತೈತ್ರಿ ಇದು. ನಮ್ಮ ಬೆಳಗಾವಿ ಹವಾ ಕುಡಿದ್ರ ಸುದಾರಸ್ತೈತಿ," ಎಂದರು ದಸ್ತಗೀರ್.

ಸುಧಾರಿಸಲು ನಾವಿಬ್ಬರೂ ಪ್ರತಿ ಭಾನುವಾರ ಅದರ ಕೆಳಗೂ ಒಳಗೂ ಇರುತ್ತಿದ್ದೆವು. ಎಂಜಿನ್ ಮಾತಾಡತೊಡಗಿತು. ಆದರೆ ಬಿಸಿಲಿನಲ್ಲಿ ಖಾನಾಪುರದ ರಸ್ತೆ ಹಿಡಿದರೆ ದೇಸೂರಿನ ಆಚೆ ಎಲ್ಲೋ ಒಂದು ಕಡೆ ಕೆಮ್ಮಿ ನಿಂತುಬಿಡುತ್ತಿತ್ತು. ಕಾರ್ಬ್ಯುರೇಟರಿನಲ್ಲಿ ಕಸ ಎಂದು ನಾನು ತೀರ್ಮಾನಿಸಿದ್ದೆ. ಪ್ರತಿ ಸಲವೂ ರಸ್ತೆಯ ಬದಿಯಲ್ಲಿ ಅದನ್ನು ಬಿಚ್ಚಿ, ಊದಿ, ತೊಳೆದು ಕೂಡಿಸುತ್ತಿದ್ದೆವು. ಪ್ರತಿ ಸಲವೂ ಕಾರು ಚಾಲೂ ಆಗುತ್ತಿತ್ತು. ನನ್ನ ತೀರ್ಮಾನ ಗಟ್ಟಿಯಾಗುತ್ತ ಹೋಯಿತು.

ಒಮ್ಮೆ ನಟ್ಟು ಬಿಚ್ಚುವ ಪಾನಾಗಳ ಚೀಲ ಮರೆತು ಹೋಗಿದ್ದೆವು. ಕಾರು ನಿಂತಿತು. ಮಾಡಲು ಏನೂ ಇಲ್ಲದೆ ಮರದ ಕೆಳಗೆ ಕುಳಿತು ಶೇಂಗಾ ತಿಂದೆವು. ಬೇಸರಕ್ಕೆ ದಸ್ತಗೀರ್ ಎದ್ದು ಹೋಗಿ ಸ್ಟಾರ್ಟರ್ ಎಳೆದರು. ಚಾಲೂ ಆಯಿತು.

ಅವರು ಬಾಗಿಲಿನಿಂದ ಕಾಲು ಹೊರಗೆ ಚಾಚಿ ನನ್ನನ್ನೇ ನೋಡುತ್ತ ಕುಳಿತರು. "ಏನೂ ಮಾಡ್ಲಾರದ ಚಾಲೂ ಆತಲ್ರಿ ಸಾಹೇಬ್ರ. ಹಂಗಾದ್ರ ಇಷ್ಟ ದಿವಸ ನಾವ್ ಏನ್ ಮಾಡಾಕತ್ತಿದ್ವಿ?"

ಕೈಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು. ಎಂಜಿನ್ನಿನ ಬಿಸಿಗೆ ಪಂಪಿನಲ್ಲಿ ಪೆಟ್ರೋಲು ಕುದಿದು ಆವಿಯಾಗುತ್ತಿತ್ತು, ಅಷ್ಟೇ. ನಾವು ಕಾರ್ಬ್ಯುರೇಟರ್ ತೊಳೆಯುವ ಹೊತ್ತಿಗೆ ಪಂಪು ತಣ್ಣಗಾಗುತ್ತಿತ್ತು. ಹೆಸರು ಮಾತ್ರ ತೊಳೆದವರಿಗೆ. ಅಂದಿನಿಂದ ಪಂಪಿಗೆ ಒಂದು ಒದ್ದೆ ಬಟ್ಟೆ ಸುತ್ತಿಕೊಂಡು ಹೋಗತೊಡಗಿದೆವು. ನಮ್ಮ ಕಡೆ ಕೆಲಸಕ್ಕೆ ಸೇರುವವರಿಗೆ ನಾನು ಇದನ್ನು ಹೇಳುವುದು ನಗಿಸಲಿಕ್ಕಲ್ಲ. ರಿಪೇರಿ ಆಯಿತು ಎಂದರೆ ಕಾರಣ ಸಿಕ್ಕಿತು ಎಂದು ಅರ್ಥವಲ್ಲ ಎಂಬುದು ನನಗೆ ಅಂದು ಹೊಳೆಯಿತು. ಹೊಳೆದದ್ದು ಉಳಿಯಿತೇ ಎಂಬುದು ಬೇರೆ ಮಾತು.

ಕಾರಿನ ಮೇಲ್ಛಾವಣಿ ತೂತು ತೂತಾಗಿತ್ತು. ಅದನ್ನು ತೇಪೆ ಹಾಕುವ ಬದಲು ಪೂರ್ತಿ ಕತ್ತರಿಸಿ ತೆಗೆದು, ಮದುವೆಯ ವರಾತಿಗೆ, ಅಂದರೆ ಮೆರವಣಿಗೆಗೆ, ಒಪ್ಪುವ ತೆರೆದ ಗಾಡಿ ಮಾಡಿದರೆ ಹೇಗೆ ಎಂಬ ವಿಚಾರ ದಸ್ತಗೀರರದು. ಬೇಕಾದಾಗ ಎಳೆದು ಹಾಕಲು ಕ್ಯಾನ್ವಾಸ್ ಹುಡ್ಡು ತಾವೇ ಹೊಲಿಯುವುದಾಗಿ ಹೇಳಿದರು. ನನಗೂ ಅದು ಚೆನ್ನಾಗಿ ಕಂಡಿತು. ಆದರೂ ಕುಲಕರ್ಣಿ ಸಾಹೇಬರನ್ನು ಒಂದು ಮಾತು ಕೇಳಿದೆ.

"ಹಳೇ ವಿಲಾಯತಿ ಗಾಡಿ ಅದ. ಕೆಳಗ ಚಾಸಿಸ್ ಇದ್ದೇ ಇರ್ತದ," ಎಂದರು ಅವರು. ಚಾಸಿಸ್ ಎಂದರೆ ಗಾಡಿಯ ಉದ್ದಕ್ಕೂ ಕೆಳಗೆ ಹಾದುಹೋಗುವ ಉಕ್ಕಿನ ತೊಲೆಗಳು, ಭಾರವೆಲ್ಲ ಅವುಗಳ ಮೇಲೆ. "ಮ್ಯಾಲಿನ ಟಾಪು ಅಂದ್ರ ಬರೇ ಛತ್ರಿ ಇದ್ದಂಗ. ಛತ್ರಿ ತಗದ್ರ ಮನುಷ್ಯಾ ಬಗ್ತಾನೇನು? ತಗೀರಿ."

ಡಾಂಬರು ಕೆರೆದು ತೊಲೆ ಇದೆಯೇ ಎಂದು ಅವರೂ ನೋಡಲಿಲ್ಲ, ನಾವೂ ನೋಡಲಿಲ್ಲ. ಗರಗಸದಿಂದ ಛಾವಣಿ ಕತ್ತರಿಸಿದೆವು. ಕೆಂಪು ರೆಕ್ಸಿನ್ ಸೀಟು, ಅಂಚಿಗೆ ಹಿತ್ತಾಳೆಯ ಗುಂಡಿಗಳು. ಖಾಸಬಾಗದ ಓಣಿಯಲ್ಲಿ ನಾವಿಬ್ಬರೇ ಕುಳಿತು ಹೋದಾಗ ಜನ ಅಂಗಡಿ ಬಿಟ್ಟು ಹೊರಗೆ ಬಂದು ನೋಡಿದರು.

ಒಂದು ಸಣ್ಣ ತೊಂದರೆ ಮಾತ್ರ ಇತ್ತು. ದಸ್ತಗೀರರ ಮನೆಯವರೆಲ್ಲ ಒಮ್ಮೆ ಹತ್ತಿ ಕುಳಿತಾಗ ಬಾಗಿಲು ಬಿಗಿಯಾಯಿತೆಂದು ಅವರ ಅಮ್ಮ ದೂರಿದರು. ನಾವು ಎಲ್ಲರನ್ನೂ ಇಳಿಸಿ, ಬಾಗಿಲು ತೆಗೆದು ಹಾಕಿ ನೋಡಿದೆವು. ಬೆಣ್ಣೆಯ ಹಾಗೆ ತೆರೆಯಿತು. ಕೀಲಿಗೆ ಗ್ರೀಸು ಹಚ್ಚಿದೆವು. ಮತ್ತೆ ನೋಡಿದೆವು, ಮತ್ತೆ ಬೆಣ್ಣೆ. "ಅಮ್ಮೀಜಾನ್, ನಿಮ್ಮ ಕೈಯಾಗ ಜೋರ್ ಇಲ್ಲ," ಎಂದು ದಸ್ತಗೀರ್ ನಕ್ಕರು. ನಾನೂ ನಕ್ಕೆ.

ದಸ್ತಗೀರರ ಪಕ್ಕದ ಮನೆಯ ಶಾರದಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವರ ಮದುವೆ ಖಾನಾಪುರದ ವಸಂತ ಎಂಬವರೊಂದಿಗೆ ನಿಶ್ಚಯವಾಯಿತು. ಬೀಗರದು ಮನೆಯಲ್ಲಿ ಮರಾಠಿ ಆಡುವ ಕುಟುಂಬ. ಗಂಡಿನ ತಾಯಿ, ಎಲ್ಲರೂ ಆಯಿ ಎನ್ನುತ್ತಿದ್ದವರು, ನೌಕರಿ ಮಾಡುವ ಸೊಸೆ ಬೇಡವೆಂದು ಮೊದಲು ಹಟ ಹಿಡಿದು, ಮಗನ ಮಾತಿಗೆ ಅರ್ಧ ಮನಸ್ಸಿನಿಂದ ಒಪ್ಪಿದ್ದರು. ಇದು ಖಾಸಬಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. "ಹೊಸ್ತಿಲಾ ದಾಟೂತನಾ ನಮ್ಮ ಜೀವ ಜೀವದಾಗ ಇಲ್ರಿ," ಎಂದು ಶಾರದಾರ ತಂದೆ ನನ್ನೆದುರೇ ದಸ್ತಗೀರರಿಗೆ ಹೇಳಿದ್ದರು.

ಬೆಳಿಗ್ಗೆ ಬೆಳಗಾವಿಯಲ್ಲಿ ಅಕ್ಷತೆ. ಮಧ್ಯಾಹ್ನ ದಿಬ್ಬಣ ಬಸ್ಸಿನಲ್ಲಿ ಖಾನಾಪುರಕ್ಕೆ. ಅಲ್ಲಿಯ ಬಸ್ ನಿಲ್ದಾಣದಿಂದ ಗಂಡಿನ ಮನೆಯವರೆಗೆ ನಮ್ಮ ತೆರೆದ ಕಾರಿನಲ್ಲಿ ವರಾತು. ನಾವಿಬ್ಬರೇ ಕಾರನ್ನು ಮೊದಲೇ ಒಯ್ದೆವು. ಒದ್ದೆ ಬಟ್ಟೆ ಸುತ್ತಿದ್ದರಿಂದ ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ.

ನಿಲ್ದಾಣದಲ್ಲಿ ಕಾರು ತುಂಬಿತು. ಹಿಂದೆ ಮದುಮಕ್ಕಳು ಮತ್ತು ಶಾರದಾರ ಇಬ್ಬರು ಸೋದರತ್ತೆಯರು. ಮುಂದೆ ನನ್ನ ಪಕ್ಕದಲ್ಲಿ ದಸ್ತಗೀರ್, ಅವರ ಆಚೆ ಶಾರದಾರ ದಪ್ಪನೆಯ ಸೋದರಮಾವ. ಡಿಕ್ಕಿಯ ಮೇಲೆ ಚಿಳ್ಳೆಪಿಳ್ಳೆ ಮಕ್ಕಳು. ಮುಂದೆ ಬ್ಯಾಂಡು. ಹೀಗೆ ತುಂಬಿದ ಕಾರನ್ನು ನಾನು ಅದುವರೆಗೆ ನಡೆಸಿರಲೇ ಇಲ್ಲ ಎಂಬುದು ಆಗ ತಲೆಗೆ ಬರಲಿಲ್ಲ.

ಮನೆಯ ಮುಂದೆ ನಿಲ್ಲಿಸಿದೆ. ನಮ್ಮ ಕಡೆ ಸೊಸೆಯನ್ನು ಸುಮ್ಮನೆ ಇಳಿಯಗೊಡುವುದಿಲ್ಲ, ಗಂಡನ ಹೆಸರು ಸೇರಿಸಿ ಒಡಪು ಹೇಳಿಸುತ್ತಾರೆ. ವಸಂತರ ಅಕ್ಕ ಬಂದು ಕಾರಿನ ಹಿಡಿಕೆಗೆ ಕೈ ಹಾಕಿ ನಿಂತರು.

"ಹೆಸರ ಹೇಳದ ಇಳಿಯಂಗಿಲ್ಲ ನೋಡ ಮತ್ತ."

ಶಾರದಾ ತಯಾರಾಗಿಯೇ ಬಂದಿದ್ದರು:

"ಬೆಳಗಾವಿ ಬಜಾರದಾಗ ಕುಂದಾ ತಗೊಂಡೀನಿ,
ಖಾನಾಪುರದ ಹೊಳಿ ದಂಡಿಗೆ ಬಂದೀನಿ,
ಬಾಗಿಲಾ ತಗೀರಿ ಅಕ್ಕಾರ, ವಸಂತರಾಯರ ಕೈ ಹಿಡದೀನಿ."

ಜನ ಹೋ ಎಂದರು. ಅಕ್ಕ ಹಿಡಿಕೆ ತಿರುವಿ ಎಳೆದರು. ಬಾಗಿಲು ಬರಲಿಲ್ಲ. ಮತ್ತೆ ಎಳೆದರು.

"ಬರವಲ್ದು," ಎಂದರು.

"ನೀನ ಹಿಡದೀದಿ ಬಿಡ," ಎಂದಿತು ಗುಂಪು. "ಇನ್ನೊಂದ ಹೇಳಸಾಕತ್ತಾಳ."

"ಖರೇನ ನಾ ಹಿಡದಿಲ್ಲ."

ಅಕ್ಕ ಹಾಗೆ ಹೇಳಿದಷ್ಟೂ ನಗು ಹೆಚ್ಚಾಯಿತು. ಬ್ಯಾಂಡಿನವರೂ ಉಮೇದಿಗೆ ಬಂದು ಜೋರಾಗಿ ಬಾರಿಸಿದರು. ಶಾರದಾ ಇನ್ನೊಂದು ಹೇಳಿದರು:

"ಖಾಸಬಾಗದಾಗ ಐತಿ ನಾ ಕಲಿಸೂ ಸಾಲಿ,
ವಸಂತರಾಯರ ಬಾಗಿಲಕ ಅವರ ಅಕ್ಕಾನ ಕೀಲಿ."

ಗುಂಪು ಇನ್ನೂ ಒತ್ತಿ ಬಂತು. ಮಕ್ಕಳು ಡಿಕ್ಕಿಯ ಮೇಲೆ ಕುಣಿದರು. ನಾನು ನನ್ನ ಬಾಗಿಲು ತೆಗೆಯಲು ನೋಡಿದೆ. ಅದೂ ಬರಲಿಲ್ಲ. ಆ ಹೊತ್ತಿಗೆ ನನ್ನ ಪಾದಗಳ ಕೆಳಗೆ ಒಂದು ಸದ್ದು ಕೇಳಿಸಿತು. ಟಿಕ್. ಸ್ವಲ್ಪ ಬಿಟ್ಟು ಇನ್ನೊಂದು. ವರ್ಷಗಟ್ಟಲೆ ಮುರಿದ ಲೋಹದ ನಡುವೆ ಕುಳಿತವನಿಗೆ ಆ ಸದ್ದು ಗೊತ್ತು. ತಲೆ ಎತ್ತಿ ಮುಂದೆ ನೋಡಿದೆ. ಬಾನೆಟ್ಟು ನನ್ನ ಕಡೆಗೆ ಇಳಿಜಾರಾಗಿತ್ತು. ಹಿಂದೆ ನೋಡಿದೆ. ಡಿಕ್ಕಿಯೂ ನನ್ನ ಕಡೆಗೇ ಇಳಿಜಾರು. ಜೋಲುಬಿದ್ದ ಹೊರಸಿನ ನಡುವಿನಲ್ಲಿ ನಾವೆಲ್ಲ ಕುಳಿತಿದ್ದೆವು. ಬಾಗಿಲ ಮೇಲಿನ ಅಂಚು ಪಕ್ಕದ ಕಂಬವನ್ನು ಕಚ್ಚಿ ಹಿಡಿದಿತ್ತು. ಈ ಗಾಡಿಗೆ ಚಾಸಿಸ್ ಇಲ್ಲ, ನಾವು ಕತ್ತರಿಸಿ ಎಸೆದ ಛಾವಣಿಯೇ ಇದನ್ನು ನೆಟ್ಟಗೆ ಹಿಡಿದಿತ್ತು ಎಂಬುದು ಆ ಕ್ಷಣಕ್ಕೆ ನನಗೆ ತಿಳಿಯಿತು.

ಆಮೇಲೆ ಪೆಟ್ರೋಲಿನ ವಾಸನೆ ಬಂತು. ಬಾಗಿದ ನೆಲದ ಕೆಳಗೆ ಪೆಟ್ರೋಲಿನ ಕೊಳವೆ ಜಜ್ಜಿ ಸೋರುತ್ತಿತ್ತು. ಅದೇ ಹೊತ್ತಿಗೆ ಮನೆಯ ಬಾಗಿಲಿನಿಂದ ಆಯಿ ಎರಡು ಬತ್ತಿ ಹಚ್ಚಿದ ಆರತಿ ತಟ್ಟೆ ಹಿಡಿದು ಮೆಟ್ಟಿಲಿಳಿದು ಕಾರಿನ ಕಡೆಗೆ ಬರತೊಡಗಿದರು.

ನಾನು ಹಿಂದೆ ತಿರುಗಿ, ಗಾಬರಿ ಹಬ್ಬದಿರಲೆಂದು ಮೆಲ್ಲಗೆ, "ಶಾರದಾ ಬಾಯಿ, ಜಿಗೀರಿ," ಎಂದೆ.

ಅವರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸೀಟಿನ ಮೇಲೆ ಕಾಲಿಟ್ಟು, ಬಾಗಿಲ ಮೇಲಿಂದ ಆಚೆ ಜಿಗಿದರು. ಶಾರದಾ ಎರಡು ಹೆಜ್ಜೆ ಓಡಿ, ಆಯಿಯ ಕೈಯಲ್ಲಿದ್ದ ಆರತಿಯ ಎರಡೂ ಬತ್ತಿಗಳನ್ನು ಅಂಗೈಯಿಂದ ಮುಚ್ಚಿ ಆರಿಸಿದರು.

ಹೊಸ ಸೊಸೆ ಹೊಸ್ತಿಲ ಮುಂದೆ ತನ್ನ ಕೈಯಿಂದ ಆರತಿ ನಂದಿಸುವುದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಬ್ಯಾಂಡು ತಾನಾಗಿ ನಿಂತಿತು.

"ಅಗ, ಹೇ ಕಾಯ ಕೇಲಂಸ?" ಇದೇನು ಮಾಡಿದೆಯೇ ಎಂದು ಆಯಿ ಕೇಳಿದ್ದು ಪಿಸುಮಾತಿನಲ್ಲಿ.

"ಪೆಟ್ರೋಲ್ ಸೋರಾಕತ್ತೈತ್ರಿ ಆಯಿ. ವಾಸನಿ ನೋಡ್ರಿ."

ದಸ್ತಗೀರ್ ಅಷ್ಟರಲ್ಲಿ ಜಿಗಿದು, ಬೀಡಿ ಹಿಡಿದವರನ್ನೆಲ್ಲ ದೂರ ಅಟ್ಟಿ, ಮಕ್ಕಳನ್ನು ಡಿಕ್ಕಿಯಿಂದ ಎತ್ತಿ ಇಳಿಸುತ್ತಿದ್ದರು. ಸೋದರತ್ತೆಯರನ್ನು ವಸಂತರು ಎತ್ತಿಕೊಂಡೇ ಇಳಿಸಿದರು. ಸೋದರಮಾವನನ್ನು ನಾಲ್ವರು ಎಳೆದುಕೊಂಡರು. ಕೊನೆಗೆ ನಾನು ಇಳಿದೆ. ಎಲ್ಲರೂ ದೂರ ಸರಿದು ನಿಂತಿದ್ದೆವು. ಯಾರೂ ಮುಟ್ಟದ ಆ ಬಾಗಿಲು, ಅಕ್ಕ ಎಳೆದು ಎಳೆದು ಸೋತಿದ್ದ ಅದೇ ಬಾಗಿಲು, ಒಮ್ಮೆ ಕಿರುಗುಟ್ಟಿ ಮೆಲ್ಲಗೆ ತಾನಾಗಿ ತೆರೆದುಕೊಂಡಿತು.

ಯಾರೋ ಹೆಂಗಸು ದೇವರ ಹೆಸರು ಹೇಳಿದರು. ಇನ್ಯಾರೋ, "ಆಕಿ ಕುಂತಾಗ ತಗೀಲಿಲ್ಲ, ಇಳದ ಮ್ಯಾಲ ತಗೀತು," ಎಂದರು. ಆ ಮಾತು ಬಾಯಿಂದ ಬಾಯಿಗೆ ಹೋಗುವುದನ್ನು ನಾನು ಕಣ್ಣಾರೆ ನೋಡಿದೆ. ಆಯಿ ಆರಿದ ತಟ್ಟೆ ಹಿಡಿದು ಸೊಸೆಯ ಮತ್ತು ಮನೆಯ ಬಾಗಿಲಿನ ನಡುವೆ ನಿಂತಿದ್ದರು. ಅಲುಗಲಿಲ್ಲ. ಬೆಂಕಿಯಿಂದ ಉಳಿಸಿದ್ದು ಹಾಗಿರಲಿ, ಈ ಹುಡುಗಿ ಇನ್ನು ಒಳಗೆ ಹೋಗುವುದೇ ಇಲ್ಲವೇನೋ ಎಂದು ನನಗೆ ದಿಗಿಲಾಯಿತು.

ನಾನು ಆಯಿಯ ಎದುರು ನಿಂತು ಛಾವಣಿ, ಭಾರ, ಬಾಗುವುದು ಎಂದೆಲ್ಲ ವಿವರಿಸತೊಡಗಿದೆ. ನನ್ನ ಮಾತು ನನಗೇ ಸುಳ್ಳಿನ ಹಾಗೆ ಕೇಳಿಸಿತು. ದಸ್ತಗೀರ್ ಅಡ್ಡ ಬಂದರು. "ಸಾಹೇಬ್ರ, ಬಾಯಿಲೆ ಹೇಳಿದ್ರ ಯಾರ ನಂಬತಾರ್ರಿ? ಮತ್ತೊಮ್ಮೆ ಕುಂದರಿಸಿ ತೋರಸೂಣು." ಒಂದು ಸಾಬೂನು ಬೇಡಿ ತಂದು, ಕಾರಿನ ಕೆಳಗೆ ನುಸುಳಿ, ಸೋರುತ್ತಿದ್ದ ಕೊಳವೆಗೆ ಮೆತ್ತಿದರು. ಕಾರನ್ನು ತಳ್ಳಿ ಚೆಲ್ಲಿದ ಜಾಗದಿಂದ ದೂರ ಒಯ್ದೆವು.

ಕುಳಿತುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಆಯಿ ತಟ್ಟೆಯನ್ನು ಮಗಳ ಕೈಗೆ ಕೊಟ್ಟರು.

"ನಾ ಕುಂದರತೇನಿ. ಇವರ ಮಾತ ಖರೇ ಇದ್ರ, ನನಗೂ ತಗೀಬಾರದು."

ತೆರೆದ ಬಾಗಿಲಿನಿಂದ ಅವರು ಹತ್ತಿ ಕುಳಿತರು. ಅವರ ಕಡೆಯ ಬಾಗಿಲು ಹಾಕಿದ ಮೇಲೆ ಆಚೆ ಬದಿಯಿಂದ ಸೋದರಮಾವ, ಇಬ್ಬರು ಗಂಡಸರು, ಮುಂದೆ ಇನ್ನಿಬ್ಬರು ಹತ್ತಿದರು. ಆಯಿ ಒಳಗಿನಿಂದ ನೂಕಿದರು. ಬರಲಿಲ್ಲ. ಎರಡೂ ಕೈ ಹಚ್ಚಿ ನೂಕಿದರು. ಬರಲಿಲ್ಲ. ಅವರ ಮುಖದಲ್ಲಿ ಕಂಡದ್ದು ಕೋಪವಲ್ಲ, ಬರೀ ಬೆರಗು. ಸೊಸೆಯ ಕಡೆ ತಿರುಗಿದರು.

"ಹೆಂಗ ಜಿಗದೆವಾ ನೀ? ನನಗೂ ಕೈ ಕೊಡು."

ಶಾರದಾ ಹೋಗಿ ಎರಡೂ ಕೈ ಕೊಟ್ಟರು. ಆ ವಯಸ್ಸಿನ ಹೆಂಗಸು ಸೀಟಿನ ಮೇಲೆ ನಿಂತು, ಬಾಗಿಲ ಅಂಚಿಗೆ ಕಾಲು ಹಾಕಿ, ಸೊಸೆಯ ಹೆಗಲಿಗೆ ಬಿದ್ದು ಕೆಳಗಿಳಿದರು. ಉಳಿದವರು ಇಳಿಯುತ್ತಿದ್ದಂತೆ ಬಾಗಿಲು ಮತ್ತೆ ತಾನಾಗಿ ತೆರೆಯಿತು. ಈ ಸಲ ಯಾರೂ ದೇವರ ಹೆಸರು ಹೇಳಲಿಲ್ಲ.

"ಇಬ್ಬರೂ ಜಿಗದ ಬಂದೇವಿ ಇವತ್ತ," ಎಂದು ಆಯಿ ಸೆರಗು ಸರಿಮಾಡಿಕೊಂಡರು. "ಆರತಿ ಒಳಗ ಹಚ್ಚತೇನಿ. ಈ ಗಾಡಿ ಸಮೀಪ ಬ್ಯಾಡ."

ಅತ್ತೆ ಸೊಸೆ ಕೈ ಹಿಡಿದುಕೊಂಡೇ ಒಳಗೆ ಹೋದರು.

ಕಾರನ್ನು ಅಲ್ಲಿಂದ ಲಾರಿಯ ಮೇಲೆ ಹೇರಿ ತಂದೆವು. ವಿಷಯ ಕೇಳಿದ ಕುಲಕರ್ಣಿ ಸಾಹೇಬರು ಬಿಳಿ ಪ್ಯಾಂಟಿನಲ್ಲೇ ಖಾಸಬಾಗಕ್ಕೆ ಬಂದು, ಅಂಗಳದಲ್ಲಿ ಅಂಗಾತ ಮಲಗಿ, ಕಾರಿನ ಕೆಳಗೆ ಸರಿದು, ಸ್ಕ್ರೂಡ್ರೈವರಿನಿಂದ ಡಾಂಬರು ಕೆರೆದರು. ಒಂದು ಕಡೆ, ಇನ್ನೊಂದು ಕಡೆ. ತೊಲೆ ಎಲ್ಲೂ ಇರಲಿಲ್ಲ. ಬರೀ ತೆಳ್ಳನೆಯ ತಗಡು, ಅದರಲ್ಲೂ ಬೆಸುಗೆಗಳು ಸಾಲಾಗಿ ಬಿಟ್ಟಿದ್ದವು. ಅವರು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಕಾರಿನ ಕೆಳಗಿನಿಂದ ಅವರ ಬೂಟುಗಳು ಮಾತ್ರ ಕಾಣುತ್ತಿದ್ದವು.

"ಆರಾಮ ಇದ್ದೀರೇನ್ರಿ ಸಾಹೇಬ್ರ?" ಎಂದು ದಸ್ತಗೀರ್ ಬಗ್ಗಿ ಕೇಳಿದರು.

"ಇದ್ದೇನಿ," ಎಂದಿತು ಧ್ವನಿ. "ಎದ್ದು ನಿಮ್ಮ ಮಾರಿ ಹ್ಯಾಂಗ ನೋಡ್ಲಿ ಅಂತ ವಿಚಾರ ಮಾಡ್ಲಿಕತ್ತೇನಿ."

ಮರುದಿನ ಅವರು ನನ್ನ ಕೋಣೆಗೆ ಬಂದು, ಮೇಜಿನ ಮೇಲಿದ್ದ ಲಾರಿಯ ಬ್ರ್ಯಾಕೆಟ್ ಎರಕವೊಂದನ್ನು ಎತ್ತಿ ನೋಡಿದರು. ಅದಕ್ಕೆ ಸೀಮೆಎಣ್ಣೆ ಸುಣ್ಣದ ಪರೀಕ್ಷೆ ಆಗಿತ್ತು, ಗೆರೆ ಬಂದಿರಲಿಲ್ಲ. "ಖಾಲಿ ಇದ್ದಾಗ ಪಾಸ್ ಆಗೇದ," ಎಂದರು. "ಭಾರ ಹಾಕಿ ಜಗ್ಗಿ ಹಿಡದು, ಆಮೇಲೆ ಸುಣ್ಣ ಹಚ್ಚಿ ನೋಡ್ರಿ." ಹಾಗೆ ನೋಡಿದೆ. ಎಳೆದು ಹಿಡಿದಾಗ ಮಾತ್ರ ಬಾಯಿ ತೆರೆಯುವ ಬಿರುಕು ಬಿಳಿಯ ಮೇಲೆ ಮೂಡಿ ಬಂತು. ಮುಂದೆ ಎಂಬತ್ತರ ದಶಕದಲ್ಲಿ ಬಿರುಕು ತೋರಿಸುವ ಬಣ್ಣದ ಡಬ್ಬಿಗಳು ಬಂದವು, ಒಳಗನ್ನು ತೋರಿಸುವ ಯಂತ್ರಗಳು ಬಂದವು. ಭಾರ ಹಾಕಿ ನೋಡುವುದನ್ನು ನಾವು ಬಿಡಲಿಲ್ಲ.

ಈ ಕಥೆಯನ್ನು ನಾನು ಎಷ್ಟೋ ವರ್ಷ ಹೊಸಬರಿಗೆ ಹೀಗೆಯೇ ಹೇಳಿದ್ದೇನೆ. ನಿವೃತ್ತಿಯಾದ ಮೇಲೆ ಬರೆದಿಡೋಣ ಎನ್ನಿಸಿತು. ನೆನಪನ್ನು ನಂಬದ ನಾನು ಮೊದಲು ದಸ್ತಗೀರರನ್ನು ಕೇಳಿದೆ. ಒಡಪು ಒಂದೇ ಎಂದರು ಅವರು, ನನಗೆ ಎರಡು ನೆನಪು. ಆಮೇಲೆ ಖಾನಾಪುರಕ್ಕೆ ಹೋಗಿ ಶಾರದಾರನ್ನು ಕಂಡೆ. ಮುಖ್ಯ ಶಿಕ್ಷಕಿಯಾಗಿ ನಿವೃತ್ತರಾಗಿದ್ದರು. ಒಡಪು ಎರಡೇ ಎಂದು ಹೇಳಿ, ಎರಡನ್ನೂ ಅಂದು ಹೇಳಿದಂತೆಯೇ ಹೇಳಿ ತೋರಿಸಿದರು. ನನ್ನ ನೆನಪು ಗೆದ್ದಿತೆಂದು ನನಗೆ ಸಂತೋಷವಾಯಿತು.

"ನಾ ಜಿಗೀರಿ ಅಂದಾಗ ನೀವು ಒಂದ ಮಾತೂ ಕೇಳಲಿಲ್ಲ. ಹೆಂಗ ನಂಬಿದ್ರಿ?" ಎಂದೆ.

ಅವರು ಚಹಾದ ಕಪ್ಪನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ನೀವೆಲ್ಲಿ ಅಂದ್ರಿ ಸರ್? ನೀವು ಏನೂ ಅನ್ನಲಿಲ್ಲ."

"ಹಿಂದ ಹೊಳ್ಳಿ ಹೇಳಿದ್ನಲ್ರಿ. ಮೆಲ್ಲಕ."

"ಹೊಳ್ಳೇ ಇಲ್ರಿ. ಸ್ಟೀರಿಂಗ್ ಎರಡೂ ಕೈಲೆ ಹಿಡಕೊಂಡ ಮುಂದ ನೋಡಕೋತ ಕುಂತಿದ್ರಿ. ನಾ ನಿಮ್ಮನ್ನ ಕರದೆ, ಸರ್, ಏನೋ ವಾಸನಿ ಬರಾಕತ್ತೈತಿ ಅಂತ. ನೀವು ಓ ಅನ್ನಲಿಲ್ಲ. ನಿಮ್ಮ ಅಂಗಿ ಬೆನ್ನ ಮ್ಯಾಲ ಪೂರಾ ತೊಯ್ದಿತ್ತು. ಅದನ್ನ ನೋಡೇ ನಾ ಜಿಗದೆ."

ಬೇರೆ ಯಾರನ್ನು ಕೇಳಲಿ? ವಸಂತರು ಈಗಿಲ್ಲ, ಆಯಿಯೂ ಇಲ್ಲ. ದಸ್ತಗೀರರನ್ನು ಮತ್ತೆ ಕೇಳಿದರೆ ಜಿಗೀರಿ ಎಂದದ್ದು ತಾವು ಎನ್ನುತ್ತಾರೆ. ಆ ಮಾತು ನನ್ನ ಕಿವಿಯಲ್ಲಿ ಇಂದಿಗೂ ಸ್ಪಷ್ಟವಾಗಿದೆ, ನನ್ನದೇ ಧ್ವನಿಯಲ್ಲಿ. ಮೇಲೆ ಬರೆದದ್ದನ್ನು ಅದಕ್ಕೇ ಹೊಡೆದುಹಾಕಿಲ್ಲ. ಆದರೆ ಈಗ ಹೊಸಬರಿಗೆ ಈ ಸಂಗತಿ ಹೇಳುವಾಗ ಆಯಿ ಆರತಿ ಹಿಡಿದು ಮೆಟ್ಟಿಲಿಳಿಯುವಲ್ಲಿಗೆ ಬಂದು ನಾನು ಒಂದು ಗಳಿಗೆ ನಿಲ್ಲುತ್ತೇನೆ. ಆಮೇಲೆ, ಶಾರದಾ ಜಿಗಿದರು ಎಂದಷ್ಟೇ ಹೇಳುತ್ತೇನೆ.